ಐದನೇ ಪೆಟ್ಟು

ಪೇಪರಿನಲ್ಲಿ ಬಂದದ್ದು ಗಂಗುಬಾಯಿಯ ಮುಖವಲ್ಲ, ಬರೀ ಕೈ. ಹಸಿರು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡ ಬಲಗೈ, ಅದರ ಮೇಲೆ ಕಪ್ಪು ವೈರುಗಳ ಗ್ಲೌಸು, ಕೆಳಗೆ ಕಲ್ಲಿನ ಮೇಲೆ ಅರ್ಧ ಅಗಲವಾದ ಜೋಳದ ರೊಟ್ಟಿ. ‘ರೊಟ್ಟಿ ಬಡಿಯಲು ಕಲಿತ ರೋಬೊ: ಕೈ ಯಾರದು, ಹಕ್ಕು ಯಾರದು?’ ಎಂದು ದಪ್ಪಕ್ಷರದಲ್ಲಿ ತಲೆಬರಹ. ಕೈ ಯಾರದು ಎಂದು ಕೇಳಿದವರೇ ಚಿತ್ರದ ಕೆಳಗೆ ಗಂಗುಬಾಯಿಯ ಹೆಸರು ಹಾಕಿ ಉತ್ತರವನ್ನೂ ಕೊಟ್ಟುಬಿಟ್ಟಿದ್ದರು. ಲಕ್ಷ್ಮವ್ವ ಆ ಹೆಸರನ್ನು ಮೂರು ಸಲ ಓದಿದಳು. ಮೂರು ಸಲವೂ ಅದು ಗಂಗುಬಾಯಿ ಅಂತಲೇ ಇತ್ತು.

“ಅವ್ವಾ, ಎಷ್ಟ ಸಲ ನೋಡತಿ? ಪೇಪರ್ ಫಟ್ ಜಾಯೇಗಾ,” ಎಂದು ಮಗಳು ವೈಶಾಲಿ ನಕ್ಕಳು.

“ಹರದರ ಹರೀಲಿ,” ಅಂದಳು ಲಕ್ಷ್ಮವ್ವ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಹಿಟ್ಟಿನ ಡಬ್ಬಿಯ ಅಡಿಗೆ ಹಾಕಿದಳು. ಮಧ್ಯಾಹ್ನ ಡಬ್ಬಿ ಎತ್ತಿ ಮತ್ತೆ ನೋಡಿದಳು.

ಅವಳಿಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದಿದ್ದರೆ ಲಟ್ಟಣಿಗೆ ತಗೊಂಡು ಓಡಿಸುತ್ತಿದ್ದಳು. ಎದೆಯುರಿ ಎಂದಳು, ಸೋಡಾ ತರಿಸಿ ಕುಡಿದಳು. ಸೋಡಾ ಕುಡಿದರೆ ಹೋಗುವ ಉರಿಯೇ ಅದು? ಇಪ್ಪತ್ತಾರು ವರ್ಷದಿಂದ ಮುಲುಂಡಿನ ಈ ಚಾಳಿನ ಕೆಳಅಂತಸ್ತಿನ ಖೋಲಿಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಅವಳು. ಸುತ್ತಲಿನ ಬಿಲ್ಡಿಂಗುಗಳಲ್ಲಿ ವಿಜಯಪುರದವರು, ಧಾರವಾಡದವರು ಯಾರೇ ಇರಲಿ, ಅವರ ಮಧ್ಯಾಹ್ನದ ತಾಟಿನಲ್ಲಿ ಅವಳ ರೊಟ್ಟಿ ಇರುತ್ತಿತ್ತು. ಗಂಗುಬಾಯಿ ಬಂದದ್ದು ಹದಿನಾಲ್ಕು ವರ್ಷದ ಹಿಂದೆ, ಇಂಡಿ ತಾಲೂಕಿನಲ್ಲಿ ಲಕ್ಷ್ಮವ್ವನ ಊರಿನ ಪಕ್ಕದ ಊರಿನಿಂದ. ಬಂದಾಗ ಅವಳು ಬಡಿದ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಮೂರು ತುಂಡಾಗುತ್ತಿತ್ತು. ಎಸರು ಎಷ್ಟು ಕಾಯಬೇಕು, ಹಿಟ್ಟು ಎಷ್ಟು ನಾದಬೇಕು, ಕೈ ಎಲ್ಲಿ ಒತ್ತಬೇಕು, ಎಲ್ಲಿ ಹಗುರಾಗಬೇಕು, ಎಲ್ಲವನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಿದವಳು ಲಕ್ಷ್ಮವ್ವ. ಹೀಗೆ ತಾನು ತಿದ್ದಿದ ಕೈ ಈಗ ಪೇಪರಿನಲ್ಲಿ ಬಂದು ಕೂತಿತ್ತು.

ಅದಕ್ಕಿಂತ ದೊಡ್ಡ ಸಂಗತಿ ಒಂದಿತ್ತು. ಅದು ಲಕ್ಷ್ಮವ್ವನಿಗೂ ವಿಜೇತಾ ಎಂಬ ಹುಡುಗಿಗೂ ಮಾತ್ರ ಗೊತ್ತಿತ್ತು.

ನಾಲ್ಕು ತಿಂಗಳ ಹಿಂದೆ ಪವಾಯಿಯ ಕೆರೆ ದಂಡೆಯ ಒಂದು ಸಣ್ಣ ಕಂಪನಿಯಿಂದ ವಿಜೇತಾ ಬಂದಿದ್ದಳು. ಬೆಳಗಾವಿಯ ಹುಡುಗಿ, ಮನೆಯಲ್ಲಿ ಮರಾಠಿ, ಓದಿದ್ದು ಇಂಗ್ಲಿಷು, ಕನ್ನಡ ತಡವರಿಸಿ ಬರುತ್ತಿತ್ತು. ಕೈಕೆಲಸಗಳನ್ನು ಮಷೀನಿಗೆ ಕಲಿಸುವುದು ಅವರ ದಂಧೆ. ಚಪಾತಿಯ ಮಷೀನು ಎಷ್ಟೋ ಬಂದಿವೆ, ಬಡಿದು ಮಾಡುವ ಜೋಳದ ರೊಟ್ಟಿ ಯಾರಿಗೂ ಸಾಧ್ಯವಾಗಿಲ್ಲ, ಅದಕ್ಕೆ ಒಳ್ಳೆಯ ಕೈಯೊಂದು ಬೇಕು, ಆ ಕೈ ಹೇಗೆ ಆಡುತ್ತದೆಂದು ಗ್ಲೌಸಿನಿಂದ ಬರೆದುಕೊಳ್ಳುತ್ತೇವೆ ಎಂದು ವಿವರಿಸಿದಳು. “ಪೂರಾ ಮುಲುಂಡಿನಾಗ ವಿಚಾರಿಸಿದೆ, ಮಾವಶಿ. ಎಲ್ಲಾರೂ ನಿಮ್ದೇ ಹೆಸ್ರು ಹೇಳಿದ್ರು,” ಅಂದಳು. ಗಂಗುಬಾಯಿ ಆಗ ರೊಟ್ಟಿ ಕೊಡಲು ಬಿಲ್ಡಿಂಗುಗಳಿಗೆ ಹೋಗಿದ್ದಳು. ಲಕ್ಷ್ಮವ್ವ ಸೆರಗಿಗೆ ಕೈ ಒರೆಸಿಕೊಂಡು, ಮದುಮಗಳ ಹಾಗೆ ಬಲಗೈ ಮುಂದೆ ಚಾಚಿದಳು.

ನಾಲ್ಕು ಬೆರಳು ಗ್ಲೌಸಿನೊಳಗೆ ಸಲೀಸಾಗಿ ಹೋದವು. ಕಿರುಬೆರಳು ಹೋಗಲಿಲ್ಲ.

ಅದು ಸೊಟ್ಟ ಬೆರಳು. ಇಪ್ಪತ್ತು ವರ್ಷದ ಹಿಂದೆ ಥಾಣೆಯಿಂದ ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಾದ ಬಾಗಿಲು ಸರಿದು ಬಂದು ಬೆರಳನ್ನು ಜಜ್ಜಿತ್ತು. ಡಾಕ್ಟರ ಹತ್ತಿರ ಹೋದರೆ ಆ ದಿನದ ರೊಟ್ಟಿ ತಪ್ಪುತ್ತದೆ ಎಂದು ಒದ್ದೆ ಬಟ್ಟೆ ಸುತ್ತಿ ಕೆಲಸಕ್ಕೆ ಕೂತಿದ್ದಳು. ಎಲುಬು ತನಗೆ ತಿಳಿದ ಹಾಗೆ ಕೂಡಿಕೊಂಡಿತು. ಗಂಟು ದಪ್ಪವಾಯಿತು, ತುದಿ ಹೊರಕ್ಕೆ ತಿರುಗಿತು. ವಿಜೇತಾ ಬೆರಳನ್ನು ಮೆಲ್ಲಗೆ ಒತ್ತಿದಳು, ತಿರುಗಿಸಿದಳು, ಪೌಡರ್ ಹಾಕಿ ನೋಡಿದಳು. ಲಕ್ಷ್ಮವ್ವನ ಕಣ್ಣಲ್ಲಿ ನೀರು ಬಂದರೂ “ತಳ್ಳವಾ, ತಳ್ಳು, ಹೊಕ್ಕತೈತಿ” ಎನ್ನುತ್ತಲೇ ಇದ್ದಳು. ಹೊಗಲಿಲ್ಲ. ಇದೊಂದೇ ಅಳತೆ ಇರುವುದು, ಬೇರೆಯದು ಹೊರದೇಶದಿಂದ ಬರಲು ತಿಂಗಳುಗಟ್ಟಲೆ ಬೇಕು, ತಮ್ಮ ಹತ್ತಿರ ಅಷ್ಟು ಟೈಮಿಲ್ಲ ಎಂದು ವಿಜೇತಾ ತಲೆ ತಗ್ಗಿಸಿದಳು.

“ಬೆರಳು ಹೊಗಲಿಲ್ಲ ಅಂತ ಯಾರ ಮುಂದೂ ಹೇಳಬ್ಯಾಡ,” ಅಂದಳು ಲಕ್ಷ್ಮವ್ವ. “ನಾನೇ ಒಲ್ಲೆ ಅಂದೆ ಅಂತ ಹೇಳು.”

ಹುಡುಗಿ ಮಾತು ಕೊಟ್ಟಳು. ಬಾಗಿಲಲ್ಲಿ ಖಾಲಿ ಬುಟ್ಟಿ ಹಿಡಿದು ಗಂಗುಬಾಯಿ ಬಂದು ನಿಂತಳು. ವಿಜೇತಾಳ ಕಣ್ಣು ನೆಟ್ಟಗೆ ಅವಳ ಕೈಗೆ ಹೋಯಿತು. ನೀಳವಾದ, ನೆಟ್ಟಗಿನ ಐದು ಬೆರಳು. ಆ ನೋಟವನ್ನು ಲಕ್ಷ್ಮವ್ವ ಇವತ್ತಿಗೂ ಮರೆತಿಲ್ಲ.

ಅಲ್ಲಿಂದ ಗಂಗುಬಾಯಿ ವಾರಕ್ಕೆರಡು ಸಲ ಪವಾಯಿಗೆ ಹೋಗತೊಡಗಿದಳು. ಹೋಗಲಿ, ಬೇಡ ಎಂದವರಾರು? ಆದರೆ ಬಂದು ಸುಮ್ಮನೆ ಇರಬೇಕಲ್ಲ. ಕೈಗೆ ಗಾಯ ಮಾಡಿಕೊಳ್ಳಬಾರದು ಎಂದು ಅಲ್ಲಿಯವರು ಹೇಳಿದ್ದಾರಂತೆ, ಅದಕ್ಕೆ ಪಾತ್ರೆ ತಿಕ್ಕುವುದನ್ನು ಬಿಟ್ಟಳು. ಆ ಕೆಲಸ ಲಕ್ಷ್ಮವ್ವನ ಪಾಲಿಗೆ ಬಂತು. ಮಲಗುವ ಮೊದಲು ಕ್ರೀಮ್ ಹಚ್ಚಿಕೊಳ್ಳುತ್ತಾಳಂತೆ. ರೊಟ್ಟಿ ಬಡಿಯುವ ಕೈಗೆ ಕ್ರೀಮು! “ಅಕ್ಕಾ, ನೀ ಒಲ್ಲೆ ಅಂದಿ ಅಂತ ನಾ ಹ್ಞೂಂ ಅಂದೆ. ನಿನಗ ಬ್ಯಾಸರ ಇಲ್ಲಲ್ಲ?” ಎಂದು ಗಂಗುಬಾಯಿ ದಿನಕ್ಕೊಮ್ಮೆ ಕೇಳುತ್ತಿದ್ದಳು. “ನನಗ್ಯಾಕ ಬ್ಯಾಸರ? ನನ್ನ ಕೈ ನನ್ನ ಹಂತ್ಯಾಕ ಐತಿ,” ಎಂದು ಲಕ್ಷ್ಮವ್ವ ಹಿಟ್ಟಿಗೆ ಒಂದು ಗುದ್ದು ಜಾಸ್ತಿ ಹಾಕುತ್ತಿದ್ದಳು. ಗಂಗುಬಾಯಿಯ ಒಳ್ಳೆಯತನವೇ ಅವಳನ್ನು ಹೆಚ್ಚು ಉರಿಸುತ್ತಿತ್ತು. ಜಂಬ ಮಾಡಿದ್ದರೆ ಜಗಳ ತೆಗೆಯಬಹುದಿತ್ತು.

ಪೇಪರಿನ ಸುದ್ದಿ ಹೊತ್ತಿಕೊಂಡಿತು. ಮರಾಠಿ ಚಾನೆಲ್ಲಿನಲ್ಲಿ ಆರು ಜನ ಆರು ಕಿಟಕಿಗಳಲ್ಲಿ ಕೂತು ಕಿರುಚಾಡಿದರು. ಬಡವರ ಕೈಯ ವಿದ್ಯೆಯನ್ನು ಮಷೀನಿಗೆ ತುಂಬಿ ಅವರನ್ನೇ ಮನೆಗೆ ಕಳಿಸುವ ಹುನ್ನಾರ ಎಂದ ಒಬ್ಬ. ದಿನವಿಡೀ ಬಡಿದು ಬಡಿದು ಹೆಂಗಸರ ರಟ್ಟೆ ಬಿದ್ದುಹೋಗುವುದು ನಿಮಗೆ ಬೇಕೇ ಎಂದಳು ಇನ್ನೊಬ್ಬಳು. ಬೆಳಗಿನ ಲೋಕಲ್ಲಿನಲ್ಲಿ ರೊಟ್ಟಿಯನ್ನು ಕಣ್ಣಿಂದ ಕಾಣದವರೂ ಅದರ ಬಗ್ಗೆ ಜಗಳಾಡಿದರು. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಂತೂ ಇಬ್ಬರು ಹಿರಿಯ ಸದಸ್ಯರು ಇದೇ ವಿಷಯಕ್ಕೆ ಮಾತು ಬಿಟ್ಟರು.

ಈ ಗಲಾಟೆಯಲ್ಲಿ ಲಕ್ಷ್ಮವ್ವ ಹೇಳಿದ ಸುಳ್ಳಿಗೂ ರೆಕ್ಕೆ ಬಂತು. ಮಷೀನಿಗೆ ಕೈ ಕೊಡೆನು ಎಂದು ನಿರಾಕರಿಸಿದ ಧೀರ ಮಹಿಳೆ ಮುಲುಂಡಿನಲ್ಲೇ ಇದ್ದಾಳೆ ಎಂದು ಯಾರೋ ಬರೆದರು. ಸಂಘದ ಕಾರ್ಯದರ್ಶಿ ಕಾಶಿನಾಥ ಅವಳ ಖೋಲಿಗೆ ಬಂದರು. ಧಾರವಾಡದವರು, ನಿವೃತ್ತ ಬ್ಯಾಂಕ್ ನೌಕರರು, ಮನೆಯಲ್ಲಿ ಮೈಕಿಲ್ಲದೆಯೂ ಮೈಕಿನ ಮುಂದೆ ನಿಂತ ಹಾಗೇ ಮಾತಾಡುವವರು.

“ಭಾನುವಾರ ಮಾಟುಂಗಾದ ಹಾಲ್‌ನಾಗ ಚರ್ಚಾ ಇಟ್ಟೇವಿ, ಲಕ್ಷ್ಮವ್ವಾರ. ಆ ಕಂಪನಿಯವರು ಮಷೀನ್ ತಂದು ತೋರಸ್ತಾರ. ಆಮ್ಯಾಲೆ ವಿರೋಧದ ಪರ ನೀವು ಮಾತಾಡಬೇಕು. ನಿಮ್ಮದು ತತ್ವದ ನಿಲುವು ನೋಡ್ರಿ.”

ತನ್ನ ನಿಲುವಿಗೆ ಇಂಥದೊಂದು ಹೆಸರಿದೆ ಎಂದು ಲಕ್ಷ್ಮವ್ವನಿಗೆ ಅವತ್ತೇ ತಿಳಿದದ್ದು. “ಗಂಗೂನೂ ಬರತಾಳೇನ್ರಿ?” ಎಂದಷ್ಟೇ ಕೇಳಿದಳು.

“ಅಕಿಗೆ ಶಾಲು ಹೊದಸಿ ಸನ್ಮಾನ ಮಾಡತೇವಿ.”

“ಹಂಗಾರ ನಾನೂ ಬರತೇನಿ,” ಅಂದಳು.

ವೈಶಾಲಿಯನ್ನು ಕೂಡಿಸಿ ಭಾಷಣ ಬರೆಸಿದಳು. ಕೈ ದೇವರು ಕೊಟ್ಟದ್ದು, ಕಂಪನಿಗೆ ಕೊಡುವುದಲ್ಲ ಎಂದು ಶುರು. ಅದು ಕಾಶಿನಾಥ ಹೇಳಿಕೊಟ್ಟ ಸಾಲು. ಆದರೆ ಬಾಯಿಪಾಠ ಮಾಡುವಾಗಲೆಲ್ಲ ಅವಳ ಮನಸ್ಸು ಓಡುತ್ತಿದ್ದದ್ದು ಒಂದೇ ಕಡೆಗೆ. ಗಂಗುಬಾಯಿ ಶಾಲು ಹೊದ್ದು ಕೂತಿರುವಾಗ, ಅಷ್ಟು ಜನರ ಎದುರು, ‘ಇಕಿಗೆ ರೊಟ್ಟಿ ಕಲಿಸಿದಾಕಿ ನಾನು’ ಎಂದು ಒಂದು ಮಾತು ಹೇಗಾದರೂ ತೂರಿಸಬೇಕು. ಮಷೀನು ಬದುಕಲಿ ಸಾಯಲಿ, ಅವಳಿಗೆ ಬೇಕಾದದ್ದು ಅಷ್ಟೇ.

ಭಾನುವಾರ ವೈಶಾಲಿಯನ್ನೂ ಕರೆದುಕೊಂಡು ಇಬ್ಬರೂ ಒಂದೇ ಲೋಕಲ್ಲಿನಲ್ಲಿ ಮಾಟುಂಗಾಕ್ಕೆ ಹೋದರು. ಗಂಗುಬಾಯಿ ಇಳಕಲ್ ಸೀರೆ ಉಟ್ಟಿದ್ದಳು. ಲಕ್ಷ್ಮವ್ವನೂ ಉಟ್ಟಿದ್ದಳು, ಆದರೆ ಗಂಗುಬಾಯಿಯದು ಹೊಸದು. ಡಬ್ಬಾದಲ್ಲಿ ಯಾರೋ ಹುಡುಗಿ ಹಸಿರು ಬಳೆಗಳ ಕೈ ಗುರುತಿಸಿ “ರೋಟಿವಾಲಿ ಆಂಟಿ ನೀವೇನಾ?” ಎಂದು ಹಿಂದಿಯಲ್ಲಿ ಕೇಳಿ ಗಂಗುಬಾಯಿಯ ಕೈಯ ಜೊತೆ ಸೆಲ್ಫಿ ತೆಗೆದುಕೊಂಡಳು. ಚಿತ್ರದಲ್ಲಿ ಬರದಂತೆ ಲಕ್ಷ್ಮವ್ವ ಕಿಟಕಿಯ ಕಡೆ ಸರಿದಳು.

ಹಾಲ್ ತುಂಬಿತ್ತು. ವೇದಿಕೆಯ ಮೇಲೆ ಒಂದು ಮೇಜು, ಮೇಜಿನ ಮೇಲೆ ಕಲ್ಲು, ಕಲ್ಲಿನ ಪಕ್ಕದಲ್ಲಿ ಬೂದು ಬಣ್ಣದ ಲೋಹದ ತೋಳು. ತೋಳಿನ ತುದಿಗೆ ರಬ್ಬರಿನ ಅಂಗೈ, ಐದು ಬೆರಳು. ಗಂಗುಬಾಯಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಕೂತ ಲಕ್ಷ್ಮವ್ವನೂ ಎರಡು ಸಲ ತಟ್ಟಿದಳು. ಮೂರನೆಯದು ಕೈಯಿಂದ ಬರಲಿಲ್ಲ.

ವಿಜೇತಾ ಗುಂಡಿ ಒತ್ತಿದಳು. ತೋಳು ಬಾಗಿ ಹಿಟ್ಟಿನ ಉಂಡೆಯನ್ನು ಮುಟ್ಟಿತು, ಒತ್ತಿತು, ಬಡಿಯತೊಡಗಿತು. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಯಿತು. ಜನ ಉಸಿರು ಬಿಗಿಹಿಡಿದು ನೋಡಿದರು. ಲಕ್ಷ್ಮವ್ವ ಮಾತ್ರ ಎಲ್ಲಿ ಸೀಳುತ್ತದೋ, ಎಲ್ಲಿ ಹರಿಯುತ್ತದೋ ಎಂದು ಆಸೆಯಿಂದ ಕಾಯುತ್ತಿದ್ದಳು. ಸೀಳಲಿಲ್ಲ. ಒಂದು, ಎರಡು, ಮೂರು, ನಾಲ್ಕು, ಐದು. ಐದನೇ ಪೆಟ್ಟಿಗೆ ಕಿರುಬೆರಳು ಚೂರು ಮೇಲೆದ್ದಿತು. ಅಂಗೈ ಕ್ಷಣ ಹೊತ್ತು ನಿಂತಿತು. ಮತ್ತೆ ಒಂದು, ಎರಡು.

ಲಕ್ಷ್ಮವ್ವ ಕುರ್ಚಿಯ ತುದಿಗೆ ಸರಿದಳು.

ಅದು ಅವಳ ಬೆರಳು. ಬಾಗಿಲಲ್ಲಿ ಸಿಕ್ಕ ದಿನದಿಂದ ಆ ಬೆರಳು ನಾಲ್ಕು ಪೆಟ್ಟು ತಡೆಯುತ್ತದೆ, ಐದನೆಯದಕ್ಕೆ ಗಂಟಿನಲ್ಲಿ ಸೂಜಿ ಆಡಿಸಿದ ಹಾಗೆ ನೋಯುತ್ತದೆ, ತಾನಾಗಿ ಎದ್ದುಬಿಡುತ್ತದೆ. ಅದು ಕಲಿಸುವ ಸಂಗತಿ ಎಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವಳು ಗಂಗುಬಾಯಿಯ ರೊಟ್ಟಿಯನ್ನು ನೋಡುತ್ತಿದ್ದಳೇ ಹೊರತು ಬೆರಳನ್ನಲ್ಲ. ಗಂಗುಬಾಯಿ ಅಕ್ಕನ ಬೆರಳನ್ನು ನೋಡಿದ್ದಳು. ರೊಟ್ಟಿ ಬಡಿಯುವುದೇ ಹೀಗೆ ಎಂದುಕೊಂಡು ಹದಿನಾಲ್ಕು ವರ್ಷ ತನ್ನ ನೆಟ್ಟಗಿನ ಬೆರಳನ್ನು ಎತ್ತಿದ್ದಳು. ಈಗ ರಬ್ಬರೂ ಎತ್ತುತ್ತಿತ್ತು.

“ಇದನ್ನ ನೋಡ್ರಿ,” ವಿಜೇತಾ ಮೈಕಿನಲ್ಲಿ ಹೇಳಿದಳು. “ಐದು ಪೆಟ್ಟಿಗೊಂದ್ಸಲ ಬೆರಳು ಮ್ಯಾಲೆ ಹೋಗ್ತದ. ನಾವು ಮೊದ್ಲು ಅದು ಎರರ್ ಅಂತ ತೆಗ್ದೆವು. ತೆಗೆದ ಮ್ಯಾಲೆ ರೊಟ್ಟಿ ಅಂಚಿನಾಗ ಸೀಳ್ತು. ಬೆರಳು ಎತ್ತಿದಾಗ ಅಂಚಿಗೆ ಒಂದ್ ಸೆಕೆಂಡ್ ರೆಸ್ಟ್ ಸಿಗ್ತದ, ಅದೇ ಸೀಕ್ರೆಟ್. ನಮ್ಮ ಆಫೀಸಿನಾಗ ಇದಕ್ಕ ‘ಗಂಗಾ ಸ್ಟೆಪ್’ ಅಂತೇವಿ.”

ಹಾಲ್ ಚಪ್ಪಾಳೆಯಿಂದ ತುಂಬಿತು. ಗಂಗುಬಾಯಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಲಕ್ಷ್ಮವ್ವನಿಗೆ ಕಿವಿಯಲ್ಲಿ ಬಿಸಿ ಎಣ್ಣೆ ಸುರಿದಂತಾಯಿತು. ಗಂಗಾ ಸ್ಟೆಪ್ಪು! ಬೆರಳು ಜಜ್ಜಿಸಿಕೊಂಡವಳು ಒಬ್ಬಳು, ಹೆಸರು ಇನ್ನೊಬ್ಬಳದು. ಜ್ವರದಲ್ಲಿ, ಮಳೆಯಲ್ಲಿ, ಬಸಿರಿನಲ್ಲಿ ಇಪ್ಪತ್ತು ವರ್ಷ ನೋವು ತಿಂದದ್ದು ಈ ಬೆರಳು. ಅದನ್ನು ಸೊಟ್ಟ ಎಂದು ಗ್ಲೌಸು ಹೊರಗಿಟ್ಟಿತ್ತು.

“ಈಗ ಮಷೀನಿಗೆ ಕೈ ಕೊಡೆನು ಎಂದು ಧೈರ್ಯದಿಂದ ನಿರಾಕರಿಸಿದ ಶ್ರೀಮತಿ ಲಕ್ಷ್ಮವ್ವ ಅವರು,” ಎಂದು ಕಾಶಿನಾಥ ಘೋಷಿಸಿದರು.

ಅವಳು ಎದ್ದಳು. ವೇದಿಕೆಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ಎಲ್ಲ ಸ್ಪಷ್ಟವಾಯಿತು. ಬರೆಸಿದ ಭಾಷಣ ಓದಿದರೆ ಧೀರ ಮಹಿಳೆಯಾಗಿ ಇಳಿಯಬಹುದು, ಬೆರಳು ಮಾತ್ರ ಗಂಗುಬಾಯಿಯದಾಗಿ ಉಳಿಯುತ್ತದೆ. ಬೆರಳು ನನ್ನದು ಎಂದರೆ, ಅದು ಯಾಕೆ ಸೊಟ್ಟ, ಸೊಟ್ಟ ಬೆರಳು ಗ್ಲೌಸಿನಲ್ಲಿ ಯಾಕೆ ಹೋಗಲಿಲ್ಲ ಎಂಬುದೂ ಹೊರಬೀಳುತ್ತದೆ. ಒಲ್ಲೆ ಎಂದದ್ದು ಸುಳ್ಳೆಂದು ಊರಿಗೆಲ್ಲ ಗೊತ್ತಾಗುತ್ತದೆ. ಮರ್ಯಾದೆ ಒಂದು ಕಡೆ, ಬೆರಳು ಒಂದು ಕಡೆ. ಬುದ್ಧಿ ಇದ್ದವರು ಮರ್ಯಾದೆ ಆರಿಸಿಕೊಳ್ಳುತ್ತಿದ್ದರು. ಹೊಟ್ಟೆ ಉರಿಯುತ್ತಿರುವವರಿಗೆ ಬುದ್ಧಿಯ ಮಾತು ಎಲ್ಲಿಂದ ಕೇಳಬೇಕು?

ಮೈಕಿನ ಮುಂದೆ ನಿಂತು ಬಲಗೈ ಎತ್ತಿ ಹಿಡಿದಳು.

“ನಾ ಒಲ್ಲೆ ಅಂದಿಲ್ರಿ. ಸುಳ್ಳ ಹೇಳಿದ್ದೆ. ಗ್ಲೌಸ್ ಹಾಕ್ಕೊಳ್ಳಾಕ ನಾನೇ ಮೊದಲ ಕೈ ಚಾಚಿದ್ದೆ. ಈ ಬೆರಳ ಹೊಗಲಿಲ್ಲ.”

ಕಾಶಿನಾಥರ ಮುಖ ಹುಳ್ಳಗಾಯಿತು.

“ರೈಲಿನ ಬಾಗಲದಾಗ ಮುರದೈತಿ ಇದು. ಐದನೇ ಪೆಟ್ಟಿಗೆ ನೋಯತೈತಿ, ಅದಕ್ಕ ಎತ್ತತೇನಿ. ಸೀಕ್ರೆಟ್ಟೂ ಇಲ್ಲ, ಏನೂ ಇಲ್ಲ. ಇಕಿ ನನ್ನ ನೋಡಿ ಎತ್ತಾಕ ಕಲತಾಳ. ಅದು ಇಕೀನ ನೋಡಿ ಕಲತೈತಿ. ಗಂಗಾ ಸ್ಟೆಪ್ ಅಲ್ಲ ಅದು. ನನ್ನ ಬೆರಳದು.”

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಇನ್ಯಾರೋ ಇದು ವಿರೋಧವೋ ಪರವೋ ಎಂದು ಕೇಳಿದರು. ಗಂಗುಬಾಯಿ ಹಾರವನ್ನು ಕಳಚಿ ಕುರ್ಚಿಯ ಮೇಲಿಟ್ಟು ಎದ್ದು ಬಂದಳು. ಲಕ್ಷ್ಮವ್ವನ ಬೆರಳನ್ನು ಹಿಡಿದು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

“ನೋಯತಿತ್ತೇನಕ್ಕ ನಿನಗ? ದಿನಾ ಬಾಜೂಕ ಕುಂತಿದ್ದೆನಲ್ಲ, ಒಮ್ಮೆರ ಹೇಳಬಾರದ? ಎತ್ತಿದರ ರೊಟ್ಟಿ ಚಲೋ ಬರತೈತಿ ಅಂತ ಎತ್ತತಿದ್ದೆ ನಾನು.” ಅವಳ ಕಣ್ಣು ತುಂಬಿ ಬಂದವು.

ಇದನ್ನು ಕೇಳಿ ಲಕ್ಷ್ಮವ್ವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹದಿನಾಲ್ಕು ವರ್ಷ ಇವಳು ಎತ್ತಿದ್ದಾಳೆ, ಒಂದು ದಿನವೂ ನೋವಿಲ್ಲದೆ ಎತ್ತಿದ್ದಾಳೆ ಎಂಬುದೊಂದೇ ಅವಳ ತಲೆಯಲ್ಲಿ ಕೂತಿತು.

ವಿಜೇತಾ ಅಳುಮೋರೆ ಮಾಡಿಕೊಂಡು ಹತ್ತಿರ ಬಂದಳು. “ಸಾರಿ ಮಾವಶಿ. ನಾವು ಹೆಸ್ರು ಬದಲಸ್ತೇವಿ. ನಿಮ್ಮ ಹೆಸ್ರೇ ಇಡ್ತೇವಿ. ಒಂದ್ಸಲ ನೀವು ಬಡಿದು ತೋರಿಸ್ತೀರೇನು? ಎಲ್ಲಾರೂ ನೋಡ್ಲಿ.”

ಇದನ್ನೇ ಅಲ್ಲವೇ ಅವಳು ನಾಲ್ಕು ತಿಂಗಳಿಂದ ಬಯಸಿದ್ದು? ಮೇಜಿನ ಮೇಲೆ ಇನ್ನೊಂದು ಕಲ್ಲು ಇಟ್ಟರು. ಲಕ್ಷ್ಮವ್ವ ಸೆರಗು ಬಿಗಿದು ನಿಂತಳು. ಹಿಟ್ಟು ಅವರೇ ನಾದಿದ್ದು, ಎಸರು ಸಾಲದು ಎಂದು ಮುಟ್ಟಿದ ಕೂಡಲೇ ತಿಳಿಯಿತು. ಇರಲಿ ಎಂದು ಉಂಡೆ ಕಟ್ಟಿದಳು. ವಿಜೇತಾ ಮತ್ತೆ ಗುಂಡಿ ಒತ್ತಿದಳು. ಹೆಂಗಸು ಮತ್ತು ಮಷೀನು ಅಕ್ಕಪಕ್ಕ ಬಡಿಯತೊಡಗಿದರು. ಎರಡು ಕಲ್ಲಿನ ಸದ್ದು ಒಂದೇ ಸದ್ದಾಯಿತು. ಜನ ಫೋನ್ ಎತ್ತಿ ಹಿಡಿದರು, “ನೋಡು, ಸೇಮ್ ಟು ಸೇಮ್” ಎಂದು ಪಿಸುಗುಟ್ಟಿದರು. ಮೊದಲ ಸಾಲಿನಲ್ಲಿ ವೈಶಾಲಿ ಅಳುತ್ತ ನಗುತ್ತಿದ್ದಳು.

ಐದನೇ ಪೆಟ್ಟಿಗೆ ಎರಡೂ ಕಿರುಬೆರಳು ಒಟ್ಟಿಗೆ ಎದ್ದವು. ಜನ ಹೋ ಎಂದರು.

ಲಕ್ಷ್ಮವ್ವ ಕಣ್ಣಂಚಿನಲ್ಲಿ ಅದನ್ನು ನೋಡಿದಳು. ಇಷ್ಟು ದಿನ ಗಂಗುಬಾಯಿಯ ಬೆನ್ನು ಹತ್ತಿದ್ದ ಉರಿ ಈಗ ಅವಳನ್ನು ಬಿಟ್ಟು ಆ ಬೂದು ತೋಳಿಗೆ ಹತ್ತಿಕೊಂಡಿತು. ಅದೇ ಬೆರಳು, ಅದೇ ಲೆಕ್ಕ, ಅದೇ ಒಂದು ಕ್ಷಣದ ಬಿಡುವು. ಅದಕ್ಕೆ ಬಾಗಿಲು ಬಡಿದಿರಲಿಲ್ಲ. ಒದ್ದೆ ಬಟ್ಟೆ ಸುತ್ತಿರಲಿಲ್ಲ. ಎಷ್ಟು ಸುಖವಾಗಿ ಎತ್ತುತ್ತದೆ ನನ್ನ ಬೆರಳನ್ನು ಎಂದುಕೊಂಡಳು.

ಎರಡನೆಯ ಸುತ್ತಿನ ಐದನೇ ಪೆಟ್ಟು ಬಂತು. ಗಂಟಿನಲ್ಲಿ ಸೂಜಿ ಆಡಿತು, ಲಕ್ಷ್ಮವ್ವ ಹಲ್ಲು ಕಚ್ಚಿ ಬೆರಳೆತ್ತಿದಳು. ಪಕ್ಕದಲ್ಲಿ ಅದೂ ಎತ್ತಿತು. ಗಂಗುಬಾಯಿ ಹಿಂದಿನಿಂದ ಬಂದು, ಯಾರಿಗೂ ಕಾಣದಂತೆ, ಅಕ್ಕನ ಬೆನ್ನಿಗೆ ಕೈ ಇಟ್ಟಳು. ಲಕ್ಷ್ಮವ್ವ ಆ ಕೈಯನ್ನು ಕೊಡವಲಿಲ್ಲ. ಆದರೆ ಅವಳ ಕಣ್ಣು ಮಷೀನಿನ ಮೇಲಿತ್ತು.

“ಗಂಗೂ,” ಅಂದಳು ಮೆಲ್ಲಗೆ, ಬಡಿಯುವುದನ್ನು ನಿಲ್ಲಿಸದೆ. “ನೋಡಿದಿಲ್ಲ ಇದನ್ನ? ಇದಕ್ಕ ಏನೂ ನೋಯವಲ್ದು.”